ರಿಮೋಟಿಗೆ ಸಿಕ್ಕ ಡೈನೊಸಾರ್

‘ಒನ್ ಮಿಲಿಯನ್ ಇಯರ್ಸ್ ಬಿ.ಸಿ.’ ಒಳ್ಳೆಯ ಸಿನಿಮಾ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ; ಅದರ ಕಟ್ಟಾ ಅಭಿಮಾನಿಗಳಿಗೂ ಈ ವಿಷಯ ಗೊತ್ತಿರುವುದೇ. 1966ರ ಡಿಸೆಂಬರ್ ಕೊನೆಯಲ್ಲಿ ಬ್ರಿಟನ್ನಿನ ಹ್ಯಾಮರ್ ಸಂಸ್ಥೆ ತೆರೆಗೆ ತಂದ ಈ ಚಿತ್ರದ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಮಾಂಸದ ತುಂಡಿಗಾಗಿ ತಂದೆಯೊಡನೆ ಕಾದಾಡಿ ಬೆಟ್ಟದ ಬುಡಕಟ್ಟಿನಿಂದ ಹೊರಬಿದ್ದ ಟುಮಾಕ್ ಅಲೆದಲೆದು ಕಡಲತೀರದ ಬುಡಕಟ್ಟನ್ನು ಸೇರುತ್ತಾನೆ, ಅಲ್ಲಿನ ಲೋವಾನಾಳ ಜೊತೆ ಮರಳಿ ಬರುತ್ತಾನೆ, ಬಡಿದಾಟವಾಗುತ್ತದೆ, ಜ್ವಾಲಾಮುಖಿ ಸಿಡಿಯುತ್ತದೆ. ಮಾತು ಅಂದರೆ ಗೊಣಗಾಟ, ಕೂಗಾಟ, ಒಂದಷ್ಟು ಹೆಸರು. ಡೈನೊಸಾರ್‌ಗಳು ಅಳಿದ ಮೇಲೆ ಮನುಷ್ಯ ಹುಟ್ಟಲು ಆರು ಕೋಟಿಗೂ ಹೆಚ್ಚು ವರ್ಷ ಹಿಡಿಯಿತು ಎಂಬ ಲೆಕ್ಕವನ್ನು ಇಲ್ಲಿ ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ.

ಇಷ್ಟಾದರೂ ದಶಕಗಳಿಂದ ಇದನ್ನು ಕೊಳ್ಳುವವರಿದ್ದಾರೆ. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಕೊಂಡವರೇ ಡಿವಿಡಿಯಲ್ಲಿ ಕೊಂಡರು, ಡಿವಿಡಿಯಲ್ಲಿ ಕೊಂಡವರೇ ಬ್ಲೂ-ರೇಯಲ್ಲೂ ಕೊಂಡರು. ಹೊರಗಿನವರು ಇದನ್ನು ಹಳೆಯ ನೆನಪಿನ ಹುಚ್ಚು ಎಂದು ತಳ್ಳಿಹಾಕುತ್ತಾರೆ, ಇಲ್ಲವೇ ಲೋವಾನಾ ಪಾತ್ರದ ರಕೆಲ್ ವೆಲ್ಚ್ ತೊಗಲಿನ ಬಿಕಿನಿಯಲ್ಲಿ ನಿಂತ ಆ ಪೋಸ್ಟರಿನ ಮಹಿಮೆ ಎನ್ನುತ್ತಾರೆ. ಪೋಸ್ಟರ್ ಸಿನಿಮಾವನ್ನೂ ಮೀರಿ ಬೆಳೆಯಿತು ಎನ್ನುವುದು ಸುಳ್ಳಲ್ಲ. ‘ದ ಶಾಶಾಂಕ್ ರಿಡೆಂಪ್ಷನ್’ನ ಜೈಲುಕೋಣೆಯ ಗೋಡೆಯ ಮೇಲೂ ಅದು ಬಂದು ಕೂತಿತು. ಆದರೆ ಪೋಸ್ಟರಿಗಾಗಿ ಯಾರೂ ಒಂದೇ ಸಿನಿಮಾವನ್ನು ಮೂರು ಸಲ ಕೊಳ್ಳುವುದಿಲ್ಲ. ಅವರು ಕೊಳ್ಳುತ್ತಿರುವುದು ನೂರು ನಿಮಿಷದ ಚಿತ್ರದೊಳಗಿನ ಕೆಲವೇ ನಿಮಿಷಗಳನ್ನು. ಪ್ರಸಂಗದ ಕಥೆ ಬಾಯಿಪಾಠವಾಗಿದ್ದರೂ ಒಬ್ಬ ವೇಷಧಾರಿಯ ಒಂದು ಪ್ರವೇಶಕ್ಕಾಗಿ ಬೆಳಗಿನವರೆಗೆ ಬಯಲಲ್ಲಿ ಕೂರುವ ಯಕ್ಷಗಾನದ ರಸಿಕರನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

ಆ ನಿಮಿಷಗಳು ರೇ ಹ್ಯಾರಿಹೌಸೆನ್ ಅವರವು. ಹದಿಹರೆಯಕ್ಕೆ ಕಾಲಿಡುವ ವಯಸ್ಸಿನಲ್ಲಿ, 1933ರಲ್ಲಿ, ‘ಕಿಂಗ್ ಕಾಂಗ್’ ನೋಡಿ ಬದುಕಿನ ದಾರಿ ಕಂಡುಕೊಂಡ ಮನುಷ್ಯ. ಅವರ ಡೈನೊಸಾರ್‌ಗಳೆಂದರೆ ಬೊಂಬೆಗಳು: ಲೋಹದ ಗುಂಡು-ಬಟ್ಟಲು ಕೀಲುಗಳ ಅಸ್ಥಿಪಂಜರ, ಅದರ ಮೇಲೆ ರಬ್ಬರಿನ ಮಾಂಸ ಮತ್ತು ಚರ್ಮ. ಹಲವು ಬೊಂಬೆಗಳ ಕೀಲುಗಳನ್ನು ಕಡೆದುಕೊಟ್ಟವರು ತಂದೆ ಫ್ರೆಡ್. ಬೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸುವುದು. ಸೆಕೆಂಡಿಗೆ 24 ಫ್ರೇಮ್, ಅಂದರೆ ನಿಮಿಷಕ್ಕೆ 1,440. ಈ ಕೆಲಸವನ್ನು ಅವರು ಬಹುಪಾಲು ಒಬ್ಬರೇ ಕೂತು ಮಾಡುತ್ತಿದ್ದರು. ಮೊದಲೇ ತೆಗೆದಿಟ್ಟ ನಟರ ದೃಶ್ಯವನ್ನು ಬೊಂಬೆಯ ಹಿಂದಿನ ಪರದೆಯ ಮೇಲೆ ಒಂದೊಂದೇ ಫ್ರೇಮಿನಂತೆ ಬೀಳಿಸಿ, ಚಿತ್ರದ ಕೆಳಭಾಗವನ್ನು ಕಪ್ಪು ಮಾಡಿ, ಎರಡನೇ ಸಲ ಅಷ್ಟನ್ನೇ ತುಂಬಿ, ಪ್ರಾಣಿಯನ್ನು ನಟರ ನಡುವೆ ನಿಲ್ಲಿಸುವ ಆ ಜಾಣ ಉಪಾಯಕ್ಕೆ ‘ಡೈನಮೇಷನ್’ ಎಂದು ಹೆಸರಿಟ್ಟು ಮಾರಲಾಯಿತು.

ಕಡಲತೀರದ ಬುಡಕಟ್ಟಿನ ಮೇಲೆ ಮರಿ ಅಲೊಸಾರಸ್ ನುಗ್ಗುವ ದೃಶ್ಯವನ್ನೇ ತೆಗೆದುಕೊಳ್ಳಿ. ಮರಿ ಎಂದರೂ ಆಳಿಗಿಂತ ಎತ್ತರದ್ದು. ಮರದ ಮೇಲೆ ಒಂದು ಮಗು ಸಿಕ್ಕಿಕೊಂಡಿದೆ, ಟುಮಾಕ್ ಈಟಿ ಹಿಡಿದು ಅಡ್ಡ ನಿಲ್ಲುತ್ತಾನೆ. ಇಲ್ಲಿ ಪ್ರಾಣಿ ಬರೀ ಘರ್ಜಿಸುವುದಿಲ್ಲ. ತಲೆಯನ್ನು ಓರೆ ಮಾಡಿ ಅಳೆಯುತ್ತದೆ, ಹಿಂದೆಗೆಯುತ್ತದೆ, ಬಾಲದಿಂದ ತೂಕ ಸರಿದೂಗಿಸಿಕೊಳ್ಳುತ್ತದೆ. ಕೊನೆಗೆ ಚೂಪಾದ ಕಂಬಕ್ಕೆ ಚುಚ್ಚಿಕೊಂಡು ಬಿದ್ದಾಗಲೂ ಪ್ರಾಣ ಒಮ್ಮೆಲೇ ಹೋಗುವುದಿಲ್ಲ. ಹ್ಯಾರಿಹೌಸೆನ್ ಅವರ ಪ್ರಾಣಿಗಳು ಸಾಯಲು ಸಮಯ ತೆಗೆದುಕೊಳ್ಳುತ್ತವೆ. ನೋಡುವವನಿಗೆ ಅಯ್ಯೋ ಅನಿಸುವಷ್ಟು ಸಮಯ. ಇಡೀ ಚಿತ್ರದಲ್ಲಿ ನಟನೆ ಎಂದು ಕರೆಯಬಹುದಾದದ್ದು ಹೆಚ್ಚಾಗಿ ಈ ರಬ್ಬರಿನ ಬೊಂಬೆಯದೇ ಎಂದರೆ ನಾಯಕ ಜಾನ್ ರಿಚರ್ಡ್‌ಸನ್ ಅವರಿಗೆ ಅನ್ಯಾಯವಾಗಲಿಕ್ಕಿಲ್ಲ.

ಥಿಯೇಟರಿನಲ್ಲಿ ಇದು ಕಣ್ಣೆದುರು ಹಾದುಹೋಗುತ್ತಿತ್ತು, ಅಷ್ಟೇ. ಮನೆಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಎಂಟು ಮಿಲಿಮೀಟರ್ ರೀಲುಗಳ ಕಾಲದಲ್ಲಿ ಪಾಶ್ಚಾತ್ಯ ದೇಶಗಳ ಮನೆಗಳಿಗೆ ಇಂಥ ಚಿತ್ರಗಳ ಕೆಲವು ನಿಮಿಷಗಳ ತುಣುಕುಗಳು ಮೂಕಿಯಾಗಿ ಬರುತ್ತಿದ್ದವು. ಕ್ಯಾಸೆಟ್ಟಿನಲ್ಲಿ ಪೂರ್ತಿ ಚಿತ್ರ ಬಂತು, ಡಿಸ್ಕ್ ಬಂದಾಗ ಫ್ರೇಮನ್ನು ಅಲುಗದಂತೆ ನಿಲ್ಲಿಸುವ ಗುಂಡಿಯೂ ಬಂತು. ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತ ಹೋದರೆ ನೋಡುಗ ಹ್ಯಾರಿಹೌಸೆನ್ ಕೂತಿದ್ದ ಜಾಗದಲ್ಲೇ ಕೂತಂತೆ. ನಟನ ಕೈಯ ಕೋಲು ಎಲ್ಲಿ ಮುಗಿದು ಬೊಂಬೆಯ ಅಳತೆಯ ಕೋಲು ಎಲ್ಲಿ ಶುರುವಾಗುತ್ತದೆ, ಟೆರಾನೊಡಾನ್ ಉಗುರಿನಲ್ಲಿ ಎತ್ತಿಕೊಂಡು ಹಾರುವಾಗ ಲೋವಾನಾ ಯಾವ ಗಳಿಗೆಯಲ್ಲಿ ನಟಿಯಿಂದ ಪುಟ್ಟ ಬೊಂಬೆಯಾಗುತ್ತಾಳೆ ಎಂಬುದನ್ನು ಹುಡುಕುವುದೇ ಒಂದು ರಸಾಸ್ವಾದ. ಮೋಸ ಗೊತ್ತಾದ ಮೇಲೆ ಮೆಚ್ಚುಗೆ ಹೆಚ್ಚುವ ಕಲೆಗಳು ಕಡಿಮೆ. ಇದು ಅಂಥ ಒಂದು. ಮನೆಯ ಡಿಸ್ಕು ಈ ಚಿತ್ರಗಳಿಗೆ ಎರಡನೇ ಜೀವ ಕೊಟ್ಟಿತು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ.

ಅಭಿಮಾನಿಗಳು ಮಾತ್ರ ಬೇರೆಯೇ ಜಗಳದಲ್ಲಿ ಹೆಚ್ಚು ಶಕ್ತಿ ಖರ್ಚು ಮಾಡಿದ್ದಾರೆ. ಚಿತ್ರದ ಬ್ರಿಟಿಷ್ ಪ್ರತಿ 100 ನಿಮಿಷ. ಅಮೆರಿಕದಲ್ಲಿ ವಿತರಿಸಿದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಅದನ್ನು 91 ನಿಮಿಷಕ್ಕೆ ಇಳಿಸಿತು, ವರ್ಷಗಟ್ಟಲೆ ಅಲ್ಲಿನ ಮನೆಗಳಿಗೆ ಬಂದದ್ದೂ ಈ ಕತ್ತರಿ ಬಿದ್ದ ಪ್ರತಿಯೇ. 2017ರಲ್ಲಿ ಕಿನೋ ಲಾರ್ಬರ್ ಎರಡೂ ಪ್ರತಿಗಳನ್ನು ಒಟ್ಟಿಗೆ ಬ್ಲೂ-ರೇಯಲ್ಲಿ ತಂದಾಗ ಅದು ಹಬ್ಬವಾಯಿತು. ಆ ಒಂಬತ್ತು ನಿಮಿಷಗಳಲ್ಲಿ ಏನಿತ್ತು? ನಟಿ ಮಾರ್ಟಿನ್ ಬೆಸ್ವಿಕ್ ಅವರ ಕುಣಿತ, ಗುಹೆಯಲ್ಲಿ ವಾನರ-ಮಾನವನೊಬ್ಬನ ಕ್ರೂರ ಅಂತ್ಯ, ಮತ್ತು ಅಲೊಸಾರಸ್ ದಾಳಿಯ ಒಂದಿಷ್ಟು ಭಾಗ. ಕುಣಿತ ಹೋದರೆ ಚಿತ್ರಕ್ಕೆ ನಷ್ಟವಿಲ್ಲ, ಬಂದರೆ ಲಾಭವೂ ಇಲ್ಲ. ಅಲೊಸಾರಸ್ ಭಾಗ ಕತ್ತರಿಸಿದ್ದು ಮಾತ್ರ ಅಪರಾಧವೇ: ಚಿತ್ರದ ಅತ್ಯುತ್ತಮ ದೃಶ್ಯದ ಮೇಲೇ ಕತ್ತರಿ ಆಡಿಸಿದಂತೆ. ‘ಅನ್‌ಕಟ್’ ಎಂಬ ಪದಕ್ಕೆ ಮರುಳಾದವರು ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ನಿಮಿಷ ಎಣಿಸುವುದು ಸುಲಭ. ಯಾವ ನಿಮಿಷ ಎಂದು ಹೇಳುವುದು ವಿಮರ್ಶೆಯ ಕೆಲಸ.

ಹ್ಯಾಮರ್‌ನದೇ ಮುಂದಿನ ಡೈನೊಸಾರ್ ಚಿತ್ರ ‘ವೆನ್ ಡೈನೊಸಾರ್ಸ್ ರೂಲ್ಡ್ ದಿ ಅರ್ತ್’ನ (1970) ಕಥೆ ಇನ್ನೂ ತಮಾಷೆಯದು. 2008ರಲ್ಲಿ ಅಮೆರಿಕದಲ್ಲಿ ಅದರ ಡಿವಿಡಿ ಬಂದಾಗ ಹೊದಿಕೆಯ ಮೇಲೆ ಮಕ್ಕಳೂ ನೋಡಬಹುದಾದ ‘ಜಿ’ ದರ್ಜೆ, ಒಳಗೆ ನಗ್ನ ದೃಶ್ಯಗಳಿರುವ ಪೂರ್ಣ ಪ್ರತಿ. ತಪ್ಪು ಗೊತ್ತಾಗುತ್ತಲೇ ಹಿಂದಕ್ಕೆ ಪಡೆದರು, ಅಷ್ಟರಲ್ಲಿ ಮಾರಾಟವಾಗಿದ್ದ ಪ್ರತಿಗಳಿಗೆ ಸಂಗ್ರಾಹಕರ ನಡುವೆ ಬೆಲೆ ಬಂತು. ಈ ಗದ್ದಲದಲ್ಲಿ ಮರೆಯಾದದ್ದು ಜಿಮ್ ಡ್ಯಾನ್‌ಫೋರ್ತ್ ಅವರ ಕೆಲಸ. ರೋಜರ್ ಡಿಕನ್ ಜೊತೆ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಆ ಬೊಂಬೆಗಳ ಚಲನೆಯಲ್ಲಿ ಹ್ಯಾರಿಹೌಸೆನ್ ಅವರಿಗಿಂತ ನಯ ಹೆಚ್ಚು, ನಾಟಕೀಯತೆ ಒಂದು ಗುಟುಕು ಕಡಿಮೆ ಎಂಬುದು ನನ್ನ ಎಣಿಕೆ. (ಈ ಚಿತ್ರದ ಮೂಲಕಥೆಯಲ್ಲಿ ಕಾದಂಬರಿಕಾರ ಜೆ.ಜಿ. ಬ್ಯಾಲರ್ಡ್ ಕೈಯಿತ್ತು ಎಂದರೆ ಅವರ ಓದುಗರೇ ಒಮ್ಮೆ ಕಣ್ಣುಜ್ಜಿಕೊಳ್ಳುತ್ತಾರೆ.)

ನಿಜವಾದ ಪ್ರಶ್ನೆ ಏಳುವುದು ಚಿತ್ರವನ್ನು ಎಷ್ಟು ತೊಳೆಯಬೇಕು ಎನ್ನುವಲ್ಲಿ. ಪರದೆಯ ಮೇಲೆ ಬಿದ್ದ ಚಿತ್ರವನ್ನೇ ಮತ್ತೆ ಚಿತ್ರೀಕರಿಸಿದ್ದರಿಂದ ಪ್ರಾಣಿ ಬರುವ ಷಾಟ್‌ಗಳಲ್ಲಿ ಹಿನ್ನೆಲೆ ಮಂಕಾಗುತ್ತದೆ, ಕಾಳುಕಾಳಾಗುತ್ತದೆ. ಚಿತ್ರ ಇದ್ದಕ್ಕಿದ್ದಂತೆ ಒರಟಾಯಿತೆಂದರೆ ಇನ್ನೇನು ಡೈನೊಸಾರ್ ಬಂತು ಎಂದು ಪಳಗಿದ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಟೇಪಿನ ಮಬ್ಬಿನಲ್ಲಿ ಮುಚ್ಚಿಹೋಗುತ್ತಿದ್ದ ಈ ವ್ಯತ್ಯಾಸ ಬ್ಲೂ-ರೇಯಲ್ಲಿ ಎದ್ದು ಕಾಣುತ್ತದೆ. ಕಾಳನ್ನೆಲ್ಲ ಕಂಪ್ಯೂಟರಿನಲ್ಲಿ ಉಜ್ಜಿ ತೆಗೆದರೆ ನಟರ ಮುಖ ಮೇಣದಂತಾಗುತ್ತದೆ, ರಬ್ಬರಿನ ಚರ್ಮದ ಗೀರುಗಳೂ ಅಳಿಸಿಹೋಗುತ್ತವೆ. ಈ ವಿಷಯದಲ್ಲಿ ಅಭಿಮಾನಿಗಳ ಸಿಟ್ಟು ನೂರಕ್ಕೆ ನೂರು ಸರಿ.

‘ದ ವ್ಯಾಲಿ ಆಫ್ ಗ್ವಾಂಜಿ’ (1969) ಇನ್ನೂ ತೊಡಕಿನ ಉದಾಹರಣೆ. ಹ್ಯಾರಿಹೌಸೆನ್ ಅವರ ಗುರು ವಿಲಿಸ್ ಒಬ್ರಿಯನ್ ಕಂಡು, ತಮ್ಮ ಜೀವಮಾನದಲ್ಲಿ ಮಾಡಲಾಗದೆ ಹೋದ ಕನಸು ಅದು. ಕುದುರೆ ಮೇಲಿನ ಕೌಬಾಯ್‌ಗಳು ಡೈನೊಸಾರಿಗೆ ಹಗ್ಗದ ಕುಣಿಕೆ ಎಸೆದು ಕೆಡವಲು ನೋಡುತ್ತಾರೆ. ಚಿತ್ರೀಕರಣದ ದಿನ ಅವರು ಕುಣಿಕೆ ಎಸೆದದ್ದು ಜೀಪಿನ ಮೇಲೆ ನೆಟ್ಟಿದ್ದ ಉದ್ದನೆಯ ಕಂಬಕ್ಕೆ. ಆಮೇಲೆ ಜೀಪು ಮತ್ತು ಕಂಬ ಮರೆಯಾಗುವಂತೆ ಬೊಂಬೆಯನ್ನು ನಿಲ್ಲಿಸಿ, ಪ್ರತಿ ಫ್ರೇಮಿನಲ್ಲೂ ನಿಜವಾದ ಹಗ್ಗದ ತುದಿಗೆ ಬೊಂಬೆಯ ಕೊರಳಿನ ಎಳೆಯನ್ನು ಹೊಂದಿಸಬೇಕಿತ್ತು. ಅಷ್ಟೆಲ್ಲ ಆದ ಮೇಲೆ ಬಣ್ಣ ಕೈಕೊಟ್ಟಿತು: ಗ್ವಾಂಜಿ ಒಂದು ಷಾಟಿನಲ್ಲಿ ಬೂದು, ಇನ್ನೊಂದರಲ್ಲಿ ನೇರಳೆಗೆ ತಿರುಗಿದ ನೀಲಿ. ಇದನ್ನು ಈಗ ಸರಿಪಡಿಸುವುದು ಕಷ್ಟವಲ್ಲ. ಸರಿಪಡಿಸಬೇಕೇ? ಸ್ವತಃ ಹ್ಯಾರಿಹೌಸೆನ್ ಇಂಥ ತಿದ್ದುಪಡಿಗೆ ವಿರೋಧಿಯಾಗಿರಲಿಲ್ಲ. ತಮ್ಮ ಕಪ್ಪು-ಬಿಳುಪು ಚಿತ್ರ ‘20 ಮಿಲಿಯನ್ ಮೈಲ್ಸ್ ಟು ಅರ್ತ್’ಗೆ 2007ರಲ್ಲಿ ಬಣ್ಣ ಹಾಕುವಾಗ ತಾವೇ ಜೊತೆಗೂಡಿದರು. ಆ ಡಿಸ್ಕಿನಲ್ಲಿ ಎರಡು ರೂಪಗಳೂ ಇವೆ, ಬೇಕಾದ್ದನ್ನು ನೋಡಬಹುದು. ನನಗೆ ಹೊಂದುವ ಪರಿಹಾರವೂ ಅದೇ. ಕರ್ತೃವಿನ ಇಚ್ಛೆಗೆ ಮರ್ಯಾದೆ ಕೊಡೋಣ, ಆದರೆ ಕಳೆದುಹೋದ ಕಾಲದಲ್ಲಿ ಸಮಯದ ಒತ್ತಡದಲ್ಲಿ ಆದ ತಪ್ಪೂ ಚಿತ್ರದ ಚರಿತ್ರೆಯೇ.

ತೊಳೆಯಲು ಏನೂ ಉಳಿಯದೆ, ಬರೀ ಹುಡುಕಬೇಕಾದ ಚಿತ್ರಗಳೂ ಇವೆ. ಒಬ್ರಿಯನ್ ಅವರ ಬೊಂಬೆಗಳಿದ್ದ 1925ರ ಮೂಕಿ ‘ದ ಲಾಸ್ಟ್ ವರ್ಲ್ಡ್’ನ ಪೂರ್ಣ ಪ್ರತಿ ಕೈತಪ್ಪಿ, ದಶಕಗಳ ಕಾಲ ಅರ್ಧದಷ್ಟಕ್ಕೆ ಕುಗ್ಗಿಸಿದ ರೂಪವಷ್ಟೇ ನೋಡಲು ಸಿಗುತ್ತಿತ್ತು. ಹಲವು ಕಡೆ ಚದುರಿದ್ದ ಪ್ರಿಂಟುಗಳಿಂದ ತುಣುಕು ಕೂಡಿಸಿ ಅದನ್ನು ಬಹುಮಟ್ಟಿಗೆ ಮತ್ತೆ ಕಟ್ಟಿ 2017ರಲ್ಲೇ ಬ್ಲೂ-ರೇಯಲ್ಲಿ ತಂದರು. ಸಂಗ್ರಾಹಕರ ಹಟವಿಲ್ಲದಿದ್ದರೆ ಇಂಥ ಕೆಲಸಗಳಿಗೆ ದುಡ್ಡು ಹಾಕುವವರು ಯಾರು?

ಪ್ರೀತಿ ಕುರುಡಾಗುವ ಜಾಗಗಳೂ ಇವೆ. ‘ಒನ್ ಮಿಲಿಯನ್ ಇಯರ್ಸ್’ನ ಮೂಲವಾದ 1940ರ ‘ಒನ್ ಮಿಲಿಯನ್ ಬಿ.ಸಿ.’ಯಲ್ಲಿ ಬೊಂಬೆಗಳಿಲ್ಲ, ಜೀವಂತ ಮೊಸಳೆಯ ಬೆನ್ನಿಗೆ ಈಜುರೆಕ್ಕೆ ಅಂಟಿಸಿ ದೊಡ್ಡ ಹಲ್ಲಿಯೊಡನೆ ಕಾದಾಡಲು ಬಿಟ್ಟರು. ಆ ತುಣುಕನ್ನು ಎಷ್ಟೋ ಅಗ್ಗದ ಚಿತ್ರಗಳು ಆಮೇಲೆ ಮರುಬಳಕೆ ಮಾಡಿದವು. ಅದನ್ನು ನೋಡಿ ‘ಪಾಪ, ಹಳೇ ಕಾಲದ ಮುಗ್ಧತೆ’ ಎಂದು ನಗುವುದು ನನ್ನಿಂದಾಗದು. 1966ರ ಚಿತ್ರದಲ್ಲೂ ಒಂದು ಇಗ್ವಾನವನ್ನು ಹಿಗ್ಗಿಸಿ ತೋರಿಸಿದ್ದಾರೆ; ಜೀವಂತ ಪ್ರಾಣಿ ಮಂಕಾಗಿ, ರಬ್ಬರಿನ ಪ್ರಾಣಿ ಜೀವಂತವಾಗಿ ಕಾಣುವ ವಿಪರ್ಯಾಸ ಒಂದೇ ಚಿತ್ರದೊಳಗೆ ಸಿಗುತ್ತದೆ. ಇನ್ನು ಬುಡಕಟ್ಟುಗಳ ವಿಚಾರ. ಬೆಟ್ಟದ ಒರಟರೆಲ್ಲ ಕಪ್ಪು ಕೂದಲಿನವರು. ಕಡಲತೀರದಲ್ಲಿ ಚಿತ್ರ ಬಿಡಿಸುವ, ಹಂಚಿ ತಿನ್ನುವ ಸಭ್ಯರೆಲ್ಲ ಹೊಂಬಣ್ಣದ ಕೂದಲಿನವರು. ನಾಗರಿಕತೆಯನ್ನು ಕೂದಲಿನ ಬಣ್ಣದಲ್ಲಿ ಅಳೆಯುವ ಈ ಯೋಚನೆಯನ್ನು ಭಾರತದಲ್ಲಿ ಕೂತು ನೋಡುವವರು ಗಮನಿಸದೇ ಇರಲಾರರು. ಕಪ್ಪು ಕೂದಲಿನ ನಮಗೆ ಯಾವ ಬುಡಕಟ್ಟಿನಲ್ಲಿ ಜಾಗ ಎಂಬುದು ಮೊದಲ ಹತ್ತು ನಿಮಿಷಗಳಲ್ಲೇ ತಿಳಿಯುತ್ತದೆ. ‘ಅದೊಂದು ಕಲ್ಪನೆ ಸ್ವಾಮಿ, ಬಿಡಿ’ ಎಂಬ ಸಮಜಾಯಿಷಿ ಡೈನೊಸಾರಿಗೆ ಒಪ್ಪುತ್ತದೆ, ಇದಕ್ಕೆ ಒಪ್ಪದು.

ಅಂದಹಾಗೆ, ನಮ್ಮಲ್ಲಿ ಈ ಹವ್ಯಾಸ ಹಚ್ಚಿಕೊಂಡವರಿಗೆ ಡಿಸ್ಕಿಗಿಂತ ಮೊದಲು ಪ್ಲೇಯರಿನ ತಲೆನೋವು. ಬ್ಲೂ-ರೇ ಲೆಕ್ಕದಲ್ಲಿ ಅಮೆರಿಕ ‘ಎ’ ವಲಯ, ಬ್ರಿಟನ್ ‘ಬಿ’, ಭಾರತ ‘ಸಿ’. ವಲಯದ ಬೀಗ ಹಾಕಿದ ಡಿಸ್ಕನ್ನು ನೆಂಟರ ಕೈಲಿ ತರಿಸಿಕೊಂಡರೂ ಇಲ್ಲಿನ ಪ್ಲೇಯರ್ ಅದನ್ನು ಉಗುಳುತ್ತದೆ. ಎಲ್ಲ ವಲಯಕ್ಕೂ ಒಗ್ಗುವ ಯಂತ್ರ ಕೊಂಡ ಮೇಲೆಯೇ ಉಳಿದ ಮಾತು.

ಸಂಗ್ರಹದ ಹುಚ್ಚು ಹತ್ತಿದವರು ಅಲ್ಲಿಗೆ ನಿಲ್ಲುವುದಿಲ್ಲ, ಹ್ಯಾಮರ್‌ನ ಸಾಲು ಪೂರ್ತಿಯಾಗಲೆಂದು ‘ಕ್ರೀಚರ್ಸ್ ದ ವರ್ಲ್ಡ್ ಫರ್ಗಾಟ್’ (1971) ಕೂಡ ಕಪಾಟಿಗೆ ಸೇರಿಸುತ್ತಾರೆ. ನಿರ್ದೇಶಕ 1966ರ ಚಿತ್ರದ ಅದೇ ಡಾನ್ ಚಾಫಿ, ನಿರ್ಮಾಪಕ ಅದೇ ಮೈಕೆಲ್ ಕ್ಯಾರೆರಾಸ್, ಅದೇ ತೊಗಲುಡುಗೆ, ಅದೇ ಬುಡಕಟ್ಟು ಕಾದಾಟ. ಡೈನೊಸಾರ್ ಒಂದೂ ಇಲ್ಲ. ಹ್ಯಾರಿಹೌಸೆನ್ ಇಲ್ಲದಿದ್ದರೆ ‘ಒನ್ ಮಿಲಿಯನ್ ಇಯರ್ಸ್’ ಏನಾಗುತ್ತಿತ್ತು ಎಂದು ಕೇಳುವವರಿಗೆ ಆ ಡಿಸ್ಕನ್ನೇ ಕೊಟ್ಟು ಕಳಿಸಬಹುದು. ಅರ್ಧಗಂಟೆಯೊಳಗೆ ವಾಪಸು ತಂದುಕೊಡುತ್ತಾರೆ.