ಮಂಕಿ ಟಾಪ್ ಕಲಿಸುವ ಪಾಠ

ಬೆಂಗಳೂರಿನ ದಂಡು ಪ್ರದೇಶದ ಹಳೆಯ ಬಂಗಲೆಗಳ ಕಿಟಕಿಗೆ ಟೋಪಿಯಂತೆ ಕೂತ ಮರದ ಚೂಪು ಮಾಡೇ ಮಂಕಿ ಟಾಪ್. ಫ್ರೇಜರ್ ಟೌನ್, ಕುಕ್ ಟೌನ್ ಕಡೆ ಇನ್ನೂ ಕೆಲವು ಉಳಿದಿವೆ. ಹತ್ತಿರ ನಿಂತು ನೋಡಬೇಕು: ಸಾಲಾಗಿ ಜೋಡಿಸಿದ ತೆಳು ಪಟ್ಟಿಗಳು, ಕೆಳ ಅಂಚಿನಲ್ಲಿ ಕೊರೆದ ಮೊನೆಗಳು. ಬಿಸಿಲು, ಇರಿಚಲು ಹೊರಗೇ ನಿಲ್ಲುತ್ತವೆ. ಗಾಳಿಗೆ ಮಾತ್ರ ತಡೆಯಿಲ್ಲ. ಒಳಗೆ ಎತ್ತರದ ಸೂರು. ಬಿಸಿಗಾಳಿ ಮೇಲೇರಿ ಗವಾಕ್ಷಿಯಿಂದ ಹೊರಬೀಳುತ್ತದೆ. ದಪ್ಪ ಗೋಡೆ ಹಗಲಿನ ಕಾವನ್ನು ತಡೆದಿಡುತ್ತದೆ. ಸುಮಾರು 900 ಮೀಟರ್ ಎತ್ತರದ ತಂಪು ಊರಿಗೆ ಇಷ್ಟು ಜಾಣ್ಮೆ ಸಾಕಿತ್ತು. ಹೀಗಾಗಿಯೇ ಇಂಥ ಮನೆಗಳು ಕಚೇರಿಯಾಗಲಿ, ಕೆಫೆಯಾಗಲಿ ಸಲೀಸಾಗಿ ಒಗ್ಗಿಕೊಂಡಿವೆ. ಗಾಜಿನ ಕಟ್ಟಡಗಳಾದರೋ ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಆಮೇಲೆ ಏಸಿಗೆ ಕರೆಂಟು ಸುರಿಯುತ್ತವೆ. ಹೊಸ ಕಚೇರಿ ಕಟ್ಟುವವರು ನಕ್ಷೆ ಬರೆಯುವ ಮುನ್ನ ಈ ಬೀದಿಗಳಲ್ಲಿ ಒಮ್ಮೆ ಓಡಾಡಲಿ.