ಬಾಲ್ಯದ ಗಾಯ ಮತ್ತು ಆತ್ಮಕಥನದ ಓದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ದೀರ್ಘಕಾಲ ಬೇರುಬಿಟ್ಟಿತ್ತು. ಮುಂಬಯಿ ಪ್ರಾಂತ್ಯದ 1934ರ ಕಾಯ್ದೆ, ಕರ್ನಾಟಕದ 1982ರ ಕಾಯ್ದೆ ಎರಡೂ ಅದನ್ನು ನಿಷೇಧಿಸಿದವು. ಆದರೆ ದೇವದಾಸಿಯ ಮಡಿಲಲ್ಲಿ ಬೆಳೆದ ಮಗುವಿನ ಒಳಬದುಕು ಕಾಯ್ದೆಯ ಭಾಷೆಗೆ ನಿಲುಕುವಂಥದಲ್ಲ. ಶಾಲೆಯಲ್ಲಿ ತಂದೆಯ ಹೆಸರು ಕೇಳಿದಾಗ ಆ ಮಗುವಿಗೆ ಏನಾಗುತ್ತದೆ ಎಂಬುದನ್ನು ಸಾಹಿತ್ಯವೇ ಹೇಳಬೇಕು.

ಈ ದೃಷ್ಟಿಯಿಂದ, ನೆರೆಯ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ಹನ್ನೂರಿನ ಶರಣಕುಮಾರ ಲಿಂಬಾಳೆಯವರ ಮರಾಠಿ ಆತ್ಮಕಥನ ‘ಅಕ್ಕರಮಾಶಿ’ (1984) ಗಮನಾರ್ಹವಾದುದು. ಇಲ್ಲಿನ ತಾಯಿ ದೇವದಾಸಿಯಲ್ಲ. ಮೇಲ್ಜಾತಿಯ ಪಾಟೀಲನ ಸ್ವೇಚ್ಛೆಗೆ ಸಿಲುಕಿದ ದಲಿತ ಹೆಣ್ಣು. ಮಗುವನ್ನು ಕಾಡುವ ಪ್ರಶ್ನೆ ಮಾತ್ರ ಒಂದೇ. ವಿಮರ್ಶೆಯು ಈ ಕೃತಿಯ ಹಸಿವು, ನಾಚಿಕೆಗಳನ್ನು ಜಾತಿವ್ಯವಸ್ಥೆಯ ದಾಖಲೆಯಾಗಿ ಓದುತ್ತದೆ. ಅದು ಸರಿಯೇ, ಆದರೆ ಸಾಲದು. ಕಥನವು ಮತ್ತೆ ಮತ್ತೆ ಅದೇ ಪ್ರಶ್ನೆಗೆ, ಅದೇ ಅಂಜಿಕೆಗೆ ಮರಳುವುದನ್ನು ಶಿಲ್ಪದ ಸಡಿಲತೆ ಎನ್ನಲಾಗದು. ಅದು ಗಾಯಗೊಂಡ ನೆನಪಿನ ನಡೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿರಂತರ ಒತ್ತಡವು ನೆನಪಿಗೆ ನೆರವಾಗುವ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳನ್ನು ಕುಗ್ಗಿಸುತ್ತದೆ. ಭಯವನ್ನು ನಿರ್ವಹಿಸುವ ಅಮಿಗ್ಡಲದ ಕವಲುಗಳನ್ನು ಬೆಳೆಸುತ್ತದೆ. ಮುಂದಿನ ಅಧ್ಯಯನದಲ್ಲಿ, ಒತ್ತಡ ನಿಂತ ಮೂರು ವಾರಗಳ ಅನಂತರವೂ ಅಮಿಗ್ಡಲದ ಬದಲಾವಣೆ ಉಳಿದಿತ್ತು. ಬೆಳೆದ ಇಲಿಗಳ ಈ ಫಲಿತಾಂಶವನ್ನು ಮಕ್ಕಳಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಕಷ್ಟ ಕಳೆದರೂ ಅಂಜಿಕೆ ಉಳಿಯುವುದು ಸ್ವಭಾವದೋಷವಲ್ಲವೆಂಬ ಅರಿವನ್ನು ಅದು ನೀಡುತ್ತದೆ.

ಇಷ್ಟಕ್ಕೇ ನಿಂತರೆ ವಿಜ್ಞಾನವೂ ಹಣೆಬರಹದ ಇನ್ನೊಂದು ಹೆಸರಾದೀತು. ‘ಅಕ್ಕರಮಾಶಿ’ ಎಂಬ ಬೈಗುಳದ ಜಾಗದಲ್ಲಿ ‘ಕೆಟ್ಟ ಮಿದುಳು’ ಎಂಬ ಹೊಸ ಮುದ್ರೆ ಬಿದ್ದೀತು. ರುಮೇನಿಯದ ಬುಖಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನವು ಬೇರೆಯದನ್ನೇ ತೋರಿಸಿತು: ಅನಾಥಾಲಯದಿಂದ ಪಾಲಕ ಕುಟುಂಬಗಳಿಗೆ, ಅದರಲ್ಲೂ ಸುಮಾರು ಎರಡು ವರ್ಷ ತುಂಬುವ ಮೊದಲೇ, ಹೋದ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ಲಿಂಬಾಳೆಯವರ ಕೃತಿಯಲ್ಲಿ ಅಜ್ಜಿ ಸಂತಾಮಾಯಿ, ಆಕೆಯೊಂದಿಗೆ ಬಾಳಿದ ಮುಸ್ಲಿಂ ‘ದಾದಾ’ ನೀಡಿದ ಅಕ್ಕರೆಯನ್ನು ಈ ಬೆಳಕಿನಲ್ಲಿ ಓದಬೇಕು. ರಕ್ತಸಂಬಂಧ, ಜಾತಿ, ಧರ್ಮಗಳ ಎಣಿಕೆಯಿಲ್ಲದ ಆ ಆಸರೆ ಕೃತಿಯ ಅಂಚಿನ ವಿವರವಲ್ಲ. ಬರೆಯಬಲ್ಲವನೊಬ್ಬ ಉಳಿದುಬಂದುದಕ್ಕೆ ಅದೂ ಒಂದು ಕಾರಣ.

2025ರಲ್ಲಿ ಕರ್ನಾಟಕ ವಿಧಾನಮಂಡಲ ಅಂಗೀಕರಿಸಿದ ದೇವದಾಸಿ ವಿಧೇಯಕವು ತಂದೆಯ ಹೆಸರು ನಮೂದಿಸಬೇಕೆಂಬ ಒತ್ತಾಯದಿಂದ ಮಕ್ಕಳನ್ನು ಬಿಡಿಸಲು ಹೊರಟಿತು. ಅರ್ಜಿಯಿಂದ ಅಳಿದ ಪ್ರಶ್ನೆ ಮನಸ್ಸಿನಿಂದ ಅಳಿಯಲು ಮಾತ್ರ ಕಾಯ್ದೆಯ ಜೊತೆಗೆ ಅಕ್ಕರೆಯೂ ಬೇಕು. ಗಡಿಸೀಮೆಯ ಆತ್ಮಕಥನಗಳ ಓದು ಗಾಯದಷ್ಟೇ ಆ ಅಕ್ಕರೆಯನ್ನೂ ಗುರುತಿಸಬೇಕಾಗಿದೆ.