ರಿಲ್ಯಾಕ್ಸ್ ಆಗೋಕೆ ಮನ್ಸೂರರು ಬೇಕಾಗಿಲ್ಲ

"ಮ್ಯೂಸಿಕ್ ಕೇಳಿದ್ರೆ ಮನಸ್ಸು ರಿಲ್ಯಾಕ್ಸ್ ಆಗತ್ತೆ" ಅನ್ನೋ ಮಾತನ್ನ ವಾರಕ್ಕೆರಡು ಸಲವಾದರೂ ಯಾರಾದರೂ ನನಗೆ ಹೇಳ್ತಾರೆ. ಆಫೀಸಿನ ಕಾಫಿ ಮಷೀನ್ ಹತ್ತಿರ, ಕ್ಯಾಬಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. ಹೇಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ಹತ್ತು ತಾಸು ಸ್ಕ್ರೀನ್ ಮುಂದೆ ಕೂತು ಬಂದವರಿಗೆ ತಣ್ಣಗೆ ಒಂದು ಕೊಳಲು ಬೇಕು ಅನ್ನಿಸಿದರೆ ಕೇಳಲಿ ಬಿಡಿ. ಆದರೆ ಸಂಗೀತದ ಸುಖ ಅಂದರೆ ಅಷ್ಟೇ ಅಂದಾಗ ಮಾತ್ರ ನನ್ನ ತಕರಾರು ಶುರುವಾಗತ್ತೆ. ಯಾಕಂದ್ರೆ ನನಗೆ ಜೀವದಷ್ಟು ಇಷ್ಟವಾದ ಸಂಗೀತ ಕೇಳುವಾಗ ನಾನು ರಿಲ್ಯಾಕ್ಸ್ ಆಗೋದೇ ಇಲ್ಲ. ಬೆನ್ನು ನೆಟ್ಟಗಾಗತ್ತೆ. ಉಸಿರು ಹಿಡಿದಿರ್ತೀನಿ. ಹೆಬ್ಬೆರಳು ತಾನೇ ತಾನಾಗಿ ಬೆರಳ ಗೆಣ್ಣುಗಳನ್ನ ಎಣಿಸ್ತಿರತ್ತೆ. ಕೊನೇ ಓವರಿನಲ್ಲಿ ಆರು ರನ್ ಬೇಕಾದಾಗ ಟೀವಿ ಮುಂದೆ ಹೇಗೆ ಕೂತಿರ್ತೀವೋ ಹಾಗೆ ಕೂತಿರ್ತೀನಿ. ಅರ್ಧ ತಾಸು ಆದಮೇಲೆ ಎದ್ದರೆ ಹೆಗಲು ಬಿಗಿದುಕೊಂಡಿರತ್ತೆ. ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ನನಗೆ ಹೀಗೆ ಮಾಡುವವರು ಮಲ್ಲಿಕಾರ್ಜುನ ಮನ್ಸೂರರು. ಗೊತ್ತಿಲ್ಲದವರಿಗಾಗಿ ಬೇಗ ಹೇಳಿಬಿಡ್ತೀನಿ. ಧಾರವಾಡದ ಹತ್ತಿರದ ಮನ್ಸೂರು ಅನ್ನೋ ಹಳ್ಳಿಯಲ್ಲಿ 1910ರ ಕೊನೇ ದಿನ ಹುಟ್ಟಿದವರು. ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದರು, ಮೀರಜಿನ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಗಾಯಕಿ ಕಲಿತರು, ಆಮೇಲೆ ಜಯಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀ ಖಾನರ ಶಿಷ್ಯರಾದರು. 1937ರಲ್ಲಿ ಮಂಜೀ ಖಾನರು ತೀರಿಕೊಂಡರು. ಕಲಿಕೆ ಅವರ ತಮ್ಮ ಭುರ್ಜೀ ಖಾನರ ಹತ್ತಿರ ಮುಂದುವರಿಯಿತು. ಪದ್ಮಶ್ರೀ ಬಂದದ್ದು 1970ರಲ್ಲಿ, ಅಂದರೆ ಅರವತ್ತರ ಹೊಸ್ತಿಲಲ್ಲಿ. ಪದ್ಮವಿಭೂಷಣ 1992ರಲ್ಲಿ, ತೀರಿಕೊಂಡದ್ದೂ ಅದೇ ವರ್ಷ. ಉಳಿದದ್ದನ್ನ ಅವರದೇ ಆತ್ಮಕಥೆ 'ನನ್ನ ರಸಯಾತ್ರೆ'ಯಲ್ಲಿ ಓದಿಕೊಳ್ಳಿ.

ಅವರ ಧ್ವನಿ ಕೇಳಿದ ಕೂಡಲೇ ಯಾರೂ ಮರುಳಾಗೋದಿಲ್ಲ. ಭೀಮಸೇನ ಜೋಶಿಯವರ ಹಾಗೆ ತುಂಬಿದ ಕೊಡದಂಥ ಕಂಠ ಅಲ್ಲ, ಕುಮಾರ ಗಂಧರ್ವರ ಹಾಗೆ ಮಿಂಚಿ ಮಾಯವಾಗುವ ಕಂಠವೂ ಅಲ್ಲ. ತುಸು ಒಣಗಿದ, ಚೂಪಾದ ಧ್ವನಿ. ವಯಸ್ಸಾದಮೇಲಿನ ಧ್ವನಿಮುದ್ರಣಗಳಲ್ಲಂತೂ ಅಲ್ಲಲ್ಲಿ ಸವೆದ ಹಗ್ಗದ ಎಳೆ ಕಂಡ ಹಾಗೆ ಕೇಳತ್ತೆ. ಹಾಗಾದರೆ ಸುಖ ಎಲ್ಲಿಂದ ಬರತ್ತೆ?

ನಾನು ಸಂಗೀತ ಕಲಿತವನಲ್ಲ. ನಮ್ಮೂರಿನ ಭಜನಾ ಮೇಳದಲ್ಲಿ ತಾಳ ಹಾಕಿದ್ದು ಬಿಟ್ಟರೆ ನನ್ನ ಹತ್ತಿರ ಬೇರೆ ಡಿಗ್ರಿ ಇಲ್ಲ. ಆದರೆ ತಾಳ ಹಾಕಿದವನಿಗೆ ಒಂದು ವಿಷಯ ಗೊತ್ತಿರತ್ತೆ: ಪದ ಎಲ್ಲಿಗೆ ಬಂದು ಬೀಳಬೇಕು ಅಂತ. ಮನ್ಸೂರರನ್ನ ಕೇಳೋಕೆ ಇಷ್ಟು ಸಾಕು. ಅವರು ಹೆಚ್ಚಾಗಿ ಹಾಡೋದು ತೀನ್‌ತಾಲದಲ್ಲಿ. 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಮೊದಲನೇ ಮಾತ್ರೆ ಸಮ್, ಒಂಬತ್ತನೆಯದು ಖಾಲಿ. ರಾಗದ ಹೆಸರೂ ಗೊತ್ತಿಲ್ಲದವರು ಒಂದು ಕೆಲಸ ಮಾಡಿ. ಹಾಡನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ತಬಲಾದವರ ಎಡಗೈಯನ್ನ, ಅಂದರೆ ಡಗ್ಗಾವನ್ನ ಮಾತ್ರ ಕೇಳಿ. ಮೊದಲರ್ಧದಲ್ಲಿ ಅದು ಗುಂ ಗುಂ ಅಂತ ನೆಲ ಹಾಸಿರತ್ತೆ. ಖಾಲಿ ದಾಟ್ತಿದ್ದ ಹಾಗೆ ಆ ಗುಂಕಾರ ಮಾಯ. ನಾಲ್ಕು ಮಾತ್ರೆಯಷ್ಟು ಹೊತ್ತು ಬಲಗೈಯ ತೆಳ್ಳಗಿನ ನಾದವಷ್ಟೇ, ಕಾಲ ಕೆಳಗಿನ ಹಲಗೆ ಎಳೆದ ಹಾಗೆ. 14ನೇ ಮಾತ್ರೆಗೆ ಡಗ್ಗಾ ವಾಪಸ್ ಬರತ್ತೆ. ಸಮ್ ಹತ್ತಿರ ಬಂತು, ಎಲ್ಲಿದ್ದೀಯಪಾ ಅಂತ ಹಾಡುಗಾರನನ್ನ ಕರೆದ ಹಾಗೆ.

ಈಗ ಹಾಡಿಗೆ ವಾಪಸ್ ಬನ್ನಿ. ಮನ್ಸೂರರು ಈ ನೆಲ ಇಲ್ಲದ ಜಾಗದಲ್ಲೇ ಒಂದು ಉದ್ದನೆಯ ಮಾತು ಶುರು ಮಾಡ್ತಾರೆ. ಉಳಿದಿರೋ ಜಾಗ ಇಷ್ಟೇ ಇಷ್ಟು, ಮಾತು ಇಷ್ಟುದ್ದ. ಹಿಡಿಸೋದಿಲ್ಲ ಅಂತ ಕಿವಿ ಲೆಕ್ಕ ಹಾಕತ್ತೆ. ಡಗ್ಗಾ ವಾಪಸ್ ಬಂತು, ಅವರು ಇನ್ನೂ ಮೇಲೆಲ್ಲೋ ತಿರುಗ್ತಿದ್ದಾರೆ. ಒಂದು ಮಾತ್ರೆ ಉಳೀತು. ಆಗ ಅದೇ ಉಸಿರಿನಲ್ಲಿ ಒಂದು ಸಣ್ಣ ತಿರುವು ತಗೊಂಡು ಬಂದಿಶಿನ ಶಬ್ದದ ಜೊತೆಗೇ ಸಮ್ಮಿನ ಮೇಲೆ ಬಂದು ನಿಲ್ತಾರೆ. ಹೊರಟ ಬಸ್ಸಿಗೆ ಓಡಿ ಬಂದು ಹತ್ತಿದವನು ಏದುಸಿರು ಇಲ್ಲದೆ ಕಂಡಕ್ಟರಿಗೆ ಚಿಲ್ಲರೆ ಕೊಟ್ಟ ಹಾಗೆ. ನನ್ನ ಕೆಲಸದಲ್ಲೂ ಡೆಡ್‌ಲೈನ್ ಇವೆ. ಇಷ್ಟು ಚಂದವಾಗಿ ಯಾರೂ ಮುಟ್ಟಿದ್ದು ನಾನು ನೋಡಿಲ್ಲ.

ಅಲ್ಲಿಗೆ ಮುಗೀತಾ ಅಂದರೆ, ಇಲ್ಲ. ಬೇರೆ ದೊಡ್ಡ ಗಾಯಕರು ಸಮ್ ಮುಟ್ಟಿದಮೇಲೆ ಒಂದು ಉಸಿರು ಬಿಡ್ತಾರೆ, ನಮಗೂ ಬಿಡಿಸ್ತಾರೆ. ಮನ್ಸೂರರು ಮುಟ್ಟಿದ ಮಾತಿನ ಬಾಲದಿಂದಲೇ ಮುಂದಿನ ಮಾತು ಹುಟ್ಟಿಸ್ತಾರೆ. ಜಯಪುರದವರ ಲಯವೇ ಹಾಗೆ, ಮಧ್ಯಮ ವೇಗದ್ದು. ಕಿರಾಣಾದವರ ವಿಲಂಬಿತ್ ಏಕ್‌ತಾಲದಲ್ಲಿ ಒಂದು ಆವರ್ತನ ಒಂದು ನಿಮಿಷದ ಆಸುಪಾಸು ಹೋಗಬಹುದು. ಅಲ್ಲಿ ಒಂದೊಂದು ಸ್ವರದ ಮೇಲೆ ಚಾಪೆ ಹಾಸಿ ಮಲಗಬಹುದು. ಇಲ್ಲಿ ಅರ್ಧ ನಿಮಿಷದೊಳಗೆ ಸಮ್ ಮತ್ತೆ ಬಂದು ಬಾಗಿಲು ಬಡಿಯತ್ತೆ. ಅದರ ಮೇಲೆ ಆ ಘರಾಣೆಯ ಜೋಡುರಾಗಗಳು. ನಟ್ ಬಿಹಾಗ್ ಹಾಡುವಾಗ ಈಗ ನಟ್‌ನಲ್ಲಿದ್ದೀವಾ, ಬಿಹಾಗಿಗೆ ಯಾವ ಸಂದಿಯಲ್ಲಿ ಹೊರಳ್ತಾರೆ ಅನ್ನೋದು ಇನ್ನೊಂದು ಕಾಯುವಿಕೆ. ತಾಳದ್ದೊಂದು, ರಾಗದ್ದೊಂದು. ಎರಡೂ ಒಟ್ಟಿಗೇ ಬಗೆಹರಿದ ಕ್ಷಣ ನನ್ನ ಮುಂಗೈ ಮೇಲಿನ ಕೂದಲು ಏಳತ್ತೆ. ಪ್ರತೀ ಸಲ ಅಲ್ಲ. ಅಪರೂಪಕ್ಕೆ, ಆದರೆ ಗ್ಯಾರಂಟಿ.

ದೂರು ಇಲ್ಲವೇ ಇಲ್ಲ ಅಂತಲ್ಲ. ಈ ಬಿಡುವಿಲ್ಲದ ಓಟದಲ್ಲಿ ದುಃಖಕ್ಕೆ ಕೂತುಕೊಳ್ಳೋಕೆ ಜಾಗ ಸಿಗೋದು ಕಡಿಮೆ. ಕರುಳು ಹಿಂಡುವ ಮಾರ್ವಾ ಬೇಕಾದರೆ ನಾನು ಬೇರೆಯವರ ಹತ್ತಿರ ಹೋಗ್ತೀನಿ. ಅವರ ವಚನ ಗಾಯನದ ಬಗ್ಗೆಯೂ ನನಗೆ ಎರಡು ಮನಸ್ಸು. ನಮ್ಮ ಕನ್ನಡದವರಿಗೆ ಮನ್ಸೂರರು ಪರಿಚಯವಾಗೋದೇ ಅವರು ಹಾಡಿದ ಅಕ್ಕಮಹಾದೇವಿಯ ವಚನದಿಂದ. ಅದು ಚಂದ, ಜಗಳವಿಲ್ಲ. ಆದರೆ ಅಲ್ಲಿ ಅರ್ಧ ಸುಖ ಅಕ್ಕನದು. ಶುದ್ಧ ನಟ್ ಹಾಡುವಾಗ ಬ್ರಜ್ ಭಾಷೆಯ ಮಾತು ನನಗೆ ಅರ್ಧಂಬರ್ಧ ಅರ್ಥವಾಗತ್ತೆ, ಅರ್ಥವಾಗದೇ ಇದ್ದರೂ ನಷ್ಟವಿಲ್ಲ. ಮನ್ಸೂರರ ಬಾಯಲ್ಲಿ ಆ ಶಬ್ದಗಳು ಹೊಲದಲ್ಲಿ ನೆಟ್ಟ ಗೂಟಗಳ ಹಾಗೆ. ಸ್ವರದ ಹಗ್ಗ ಕಟ್ಟೋಕೆ ಬೇಕು, ಅಷ್ಟೇ.

ಈ ಕಾಯುವಿಕೆಯ ಸುಖದ ಬಗ್ಗೆ ವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದಾರೆ. ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಆನ್ ಬ್ಲಡ್ ಮತ್ತು ರಾಬರ್ಟ್ ಝಟೋರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದ ರಚನೆಯೇ ನನಗೆ ತುಂಬಾ ಹಿಡಿಸಿದ್ದು. ಭಾಗವಹಿಸಿದವರಿಗೆ, ನಿಮಗೆ ಮೈ ಜುಂ ಅನ್ನಿಸುವ ಸಂಗೀತವನ್ನ ನೀವೇ ತನ್ನಿ ಅಂದರು. ಹೋಲಿಕೆಗೆ ಏನು ಕೇಳಿಸಿದರು ಗೊತ್ತಾ? ಇನ್ನೊಬ್ಬರು ತಂದ ಸಂಗೀತ! ಅಂದರೆ ಒಬ್ಬನ ರೋಮಾಂಚನ ಇನ್ನೊಬ್ಬನಿಗೆ ಸುಮ್ಮನೆ ದಾಟೋದಿಲ್ಲ ಅನ್ನೋದರ ಮೇಲೆಯೇ ಇಡೀ ಪ್ರಯೋಗ ನಿಂತಿದೆ. ಹತ್ತು ವರ್ಷದ ಮೇಲೆ, 2011ರಲ್ಲಿ, ಅದೇ ಊರಿನಿಂದ ವ್ಯಾಲರಿ ಸಲಿಂಪೂರ್ ಮತ್ತವರ ಸಂಗಡಿಗರ ಇನ್ನೊಂದು ಅಧ್ಯಯನ ಬಂತು. ಸುಖದ ತುತ್ತತುದಿಯಲ್ಲಿ ಮೆದುಳಿನ ಒಂದು ಭಾಗದಲ್ಲಿ ಡೋಪಮೈನ್ ಬಿಡುಗಡೆಯಾಗತ್ತೆ, ಇದು ನಿರೀಕ್ಷಿತವೇ. ಆದರೆ ಅದಕ್ಕೂ ಮುಂಚೆ, ಆ ತುದಿ ಇನ್ನೇನು ಬರ್ತಾ ಇದೆ ಅಂತ ಕಾಯುವಾಗಲೂ ಇನ್ನೊಂದು ಭಾಗದಲ್ಲಿ ಬಿಡುಗಡೆಯಾಗತ್ತೆ ಅಂತ ಅವರು ಕಂಡುಕೊಂಡರು. ಕೆಲಸ ಮುಗಿಯೋ ಮೊದಲೇ ಕೂಲಿ ಸಿಕ್ಕ ಹಾಗೆ. ಡಗ್ಗಾ ವಾಪಸ್ ಬಂದ ಮೇಲಿನ ಆ ಮೂರು ಮಾತ್ರೆ ನನಗೆ ಸಮ್ಮಿಗಿಂತ ಯಾಕೆ ಹೆಚ್ಚು ಇಷ್ಟ ಅನ್ನೋದಕ್ಕೆ ಇಷ್ಟು ವಿವರಣೆ ಸಾಕು ಅಂದುಕೊಂಡಿದ್ದೀನಿ.

ಕಾಯಬೇಕಾದರೆ ಕಿವಿ ಅಲ್ಲೇ ಇರಬೇಕಲ್ಲ, ನನ್ನ ತಕರಾರು ಇರೋದು ಇಲ್ಲೇ. ನಮ್ಮ ಫೋನುಗಳಲ್ಲಿ ಈಗ ಫೋಕಸ್‌ಗೊಂದು ಪ್ಲೇಲಿಸ್ಟ್, ನಿದ್ದೆಗೊಂದು, ಕೋಡಿಂಗಿಗೊಂದು, ಪಾತ್ರೆ ತೊಳೆಯೋಕೊಂದು. ಎಲ್ಲದರ ಗುಣ ಒಂದೇ: ನಿಮ್ಮನ್ನ ತಡೆದು ನಿಲ್ಲಿಸಬಾರದು, ನೀವು ಕಾಯುವಂಥದ್ದು ಏನೂ ಬರಬಾರದು. ಬಂದರೆ ಕೆಲಸ ಕೆಡತ್ತೆ. ನಾನೂ ಕೋಡ್ ಬರೆಯುವಾಗ ಅಂಥದ್ದನ್ನ ಹಾಕ್ಕೊಳ್ತೀನಿ, ಪಕ್ಕದ ಟೇಬಲ್ಲಿನ ಕಾನ್ಫರೆನ್ಸ್ ಕಾಲ್ ಕೇಳದೇ ಇರಲಿ ಅಂತ. ಅದು ಕಿವಿಗೆ ಹತ್ತಿ ಇಟ್ಟುಕೊಂಡ ಹಾಗೆ, ಒಳ್ಳೇ ಹತ್ತಿ. ಮನ್ಸೂರರನ್ನ ಹಾಕ್ಕೊಂಡು ಮಾತ್ರ ಒಂದು ಲೈನೂ ಬರೆಯೋಕಾಗಲ್ಲ. 14ನೇ ಮಾತ್ರೆ ಬರ್ತಿದ್ದ ಹಾಗೆ ಬೆರಳು ಕೀಬೋರ್ಡ್ ಬಿಟ್ಟು ಮೇಲೆ ಏಳತ್ತೆ.

ಸಂಗೀತದಿಂದ ಏನಾದರೂ ಉಪಯೋಗ ಆಗಲೇಬೇಕು ಅನ್ನೋ ಹಟ ಹೊಸದೇನಲ್ಲ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು: ಮೊಟ್ಸಾರ್ಟನ ಒಂದು ಪಿಯಾನೋ ಸೊನಾಟಾ ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳ ಲೆಕ್ಕಾಚಾರದ ಒಂದು ಪರೀಕ್ಷೆಯಲ್ಲಿ ಸ್ವಲ್ಪ ಚೆನ್ನಾಗಿ ಮಾಡಿದರು, ಪರಿಣಾಮ ಹತ್ತು ಹದಿನೈದು ನಿಮಿಷದಲ್ಲಿ ಇಳಿದುಹೋಯಿತು. ಇಷ್ಟೇ. 1998ರ ಹೊತ್ತಿಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ಹುಟ್ಟಿದ ಪ್ರತೀ ಮಗುವಿಗೂ ಸರಕಾರದ ಖರ್ಚಿನಲ್ಲಿ ಶಾಸ್ತ್ರೀಯ ಸಂಗೀತದ ಮುದ್ರಿಕೆ ಕೊಡಬೇಕು ಅಂತ ಬಜೆಟ್ಟಿನಲ್ಲಿ ಹಣ ಕೇಳಿದರು. ಪಾಪ ಮೊಟ್ಸಾರ್ಟ್. ನಮ್ಮಲ್ಲೂ ಬೀಪಿಗೆ ಈ ರಾಗ, ಸಕ್ಕರೆ ಕಾಯಿಲೆಗೆ ಆ ರಾಗ ಅಂತ ಪಟ್ಟಿ ಹಂಚುವವರಿಗೇನೂ ಕಮ್ಮಿ ಇಲ್ಲ.

ಇದು ನನಗೆ ಯಾಕೆ ಚುಚ್ಚತ್ತೆ ಅಂದ್ರೆ, ನಾನು ಬೆಳೆದ ಎರಿಹೊಲದ ಊರಿನಲ್ಲಿ ಸುಮ್ಮನೆ ಕೂತು ಹಾಡು ಕೇಳೋದಕ್ಕೆ ಒಂದು ಹೆಸರಿತ್ತು, ಉಂಡಾಡಿತನ. ಕಡಲೆ ಕೀಳೋ ದಿನಗಳಲ್ಲಿ ರೇಡಿಯೋ ಮುಂದೆ ಕೂತರೆ "ಅದೇನ್ ಹೊಟ್ಟಿ ತುಂಬಸ್ತೈತೇನ?" ಅಂತ ಮನೆಯವರು ಕೇಳೋರು. ಧಾರವಾಡ ಆಕಾಶವಾಣಿ ಆಲಾಪ ಹಾಕಿದರೆ ಯಾರಾದರೂ ಬಂದು ಬಂದ್ ಮಾಡೋರು. ಆ ಪ್ರಶ್ನೆಗೆ ಅರ್ಥ ಇತ್ತು. ಮಳೆ ಬರೋದರೊಳಗೆ ಬೆಳೆ ಮನೆಗೆ ಬರಬೇಕಿತ್ತು. ಅದೇ ಪ್ರಶ್ನೆಯನ್ನ ಈಗ ಏಸಿ ರೂಮಿನಲ್ಲಿ, ಇಂಗ್ಲಿಷಿನಲ್ಲಿ, ಪ್ರೊಡಕ್ಟಿವಿಟಿ ಅನ್ನೋ ಹೆಸರಿನಲ್ಲಿ ಕೇಳ್ತಾರೆ. ಊರಿನವರು ಕನಿಷ್ಠ ಪಕ್ಷ ಹೊಟ್ಟೆ ತುಂಬಲ್ಲ ಅಂತ ನೇರವಾಗಿ ಹೇಳ್ತಿದ್ದರು. ಇವರು ತುಂಬತ್ತೆ, ಸ್ಟ್ರೆಸ್ ಹೋಗತ್ತೆ, ನಿದ್ದೆ ಬರತ್ತೆ, ನಾಳೆ ಇನ್ನೂ ಚೆನ್ನಾಗಿ ದುಡೀತೀರಿ ಅಂತ ಸುಳ್ಳು ಹೊಗಳಿಕೆ ಹೊಗಳ್ತಾರೆ. ನನಗೆ ಊರಿನವರ ಬೈಗುಳವೇ ಲೇಸು. ಅದು ಸಂಗೀತವನ್ನ ಕೆಲಸಕ್ಕೆ ಹಚ್ಚಲಿಲ್ಲ.

ಶಿಫಾರಸು ಕೇಳುವ ಗೆಳೆಯರಿಗೆ ನಾನೀಗ ಲಿಂಕ್ ಕಳಿಸೋದು ಬಿಟ್ಟಿದ್ದೀನಿ. ಮಾಂಟ್ರಿಯಲ್ ಪ್ರಯೋಗದ ಅರ್ಥವೇ ಅದಲ್ಲವಾ, ನನ್ನದು ನಿಮಗೆ ಕೆಲಸ ಮಾಡಬೇಕಂತಿಲ್ಲ. ನಿಮ್ಮದು ರಾಜನ್-ನಾಗೇಂದ್ರ ಇರಬಹುದು, ಇಳಯರಾಜಾ ಇರಬಹುದು, ಮೆಟಲ್ ಇರಬಹುದು. ಕೇಳ್ತಾ ಕೇಳ್ತಾ ಎಲ್ಲಿ ಉಸಿರು ಹಿಡೀತೀರಿ ಅಂತ ಮಾತ್ರ ನೋಡಿಕೊಳ್ಳಿ. ಮನ್ಸೂರರೇ ಬೇಕು ಅಂದರೆ ಸ್ಟುಡಿಯೋದ್ದು ಬೇಡ, ಕಛೇರಿಯಲ್ಲಿ ಮುದ್ರಿಸಿದ್ದು ಹುಡುಕಿ. ಜನ ಕೂತಿದ್ದಾರೆ ಅನ್ನೋದು ಕೇಳಬೇಕು. ಕೆಮ್ಮು, ಚಾಪೆಯ ಸಪ್ಪಳ, ಎಲ್ಲ.

ಅಂಥ ಒಂದು ಮುದ್ರಣ ನನ್ನ ಹತ್ತಿರ ಇದೆ. ಅದರಲ್ಲಿ ಮುಂದಿನ ಸಾಲಿನಲ್ಲಿ ಕೂತಿರಬಹುದಾದ ಯಾರೋ ಒಬ್ಬ ಆಗಾಗ "ವಾಹ್" ಅಂತಾನೆ. ಸಮ್ ಬಿದ್ದಮೇಲೆ ಎಲ್ಲರೂ ಅಂತಾರೆ, ಅದು ಬೇರೆ. ಈ ಮನುಷ್ಯ ಒಂದು ಮಾತ್ರೆ ಮುಂಚೆಯೇ ಅಂತಾನೆ, ಮನ್ಸೂರರು ಇನ್ನೂ ಮೇಲೆ ಇರುವಾಗಲೇ, ತಡೆಯೋಕಾಗದೆ, ಅರ್ಧ ಗಂಟಲಿನಲ್ಲಿ. ಯಾರೋ, ಯಾವ ಊರಿನವನೋ. ಈಗೀಗ ನಾನು ಅವನಿಗಾಗಿಯೂ ಕಾಯ್ತೀನಿ.